ಒಂದೂವರೆ ಗೆರೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನ ತಟ್ಟೆಯ ಪಕ್ಕ ಒಂದು ಹಿತ್ತಾಳೆ ಲೋಟದಲ್ಲಿ ಅಂಚಿನವರೆಗೂ ನೀರು ತುಂಬಿಸಿ ಇಡಬೇಕಿತ್ತು. ಅದು ಕುಡಿಯುವ ನೀರಲ್ಲ. ಗೋಡೆಯಾಚೆ ಮುಂದಿನ ಕೋಣೆಯಲ್ಲಿ ಕಬ್ಬಿಣ ಕಡೆಯುವ ಲೇತು ಓಡುತ್ತಿರುತ್ತಿತ್ತು. ಉದ್ದನೆಯ ಕೆಲಸವಿದ್ದಾಗ ಅಪ್ಪ ಅದನ್ನು ತಾನಾಗಿ ಓಡಲು ಬಿಟ್ಟು ಒಳಗೆ ಬಂದು ಕೂರುತ್ತಿದ್ದರು. ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ ಆ ಲೋಟದ ನೀರನ್ನೇ ನೋಡುತ್ತಿದ್ದರು. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಒಂದೇ ಸಮನೆ ನಡುಗುತ್ತಿದ್ದರೆ ಊಟ ಮುಂದುವರಿಯುತ್ತಿತ್ತು. ಉಂಗುರ ಒಡೆದು ಅಡ್ಡಾದಿಡ್ಡಿಯಾದರೆ ಟೂಲು ಮೊಂಡಾಗಿದೆ ಎಂದು ಅರ್ಥ. ಆಗ ಕೈ ತೊಳೆಯದೆ ಎದ್ದು ಓಡುತ್ತಿದ್ದರು. ಅಮ್ಮ ಅವರ ಬೆನ್ನಿಗೆ ಬೈಯುತ್ತಿದ್ದಳು.

"ಅನ್ನ ಉಣ್ಣೋಕೂ ಬುಡಾಕಿಲ್ಲ ಆ ಮುಂಡೇದು. ಅದುನ್ನೇ ಕಟ್ಕಬೇಕಿತ್ತು ನೀವು."

ಪೀಣ್ಯದಲ್ಲಿ ದೊಡ್ಡ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ. ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದರಲ್ಲಿ ಲೇತು, ನಡುವಿನದರಲ್ಲಿ ಊಟ ಮತ್ತು ನಿದ್ದೆ, ಹಿಂದೆ ಅಡುಗೆ. ಮುಂದಿನ ಕೋಣೆಯಿಂದ ನಡುಮನೆಗೆ ಬರುವ ಹೊಸ್ತಿಲ ಮೇಲೆ ಒಂದು ಗೋಣಿಚೀಲ ಹಾಸಿರುತ್ತಿತ್ತು. ಅದರ ಮೇಲೆ ಪಾದ ಉಜ್ಜದೆ ಒಳಗೆ ಬರುವಂತಿರಲಿಲ್ಲ, ಏಕೆಂದರೆ ಕಬ್ಬಿಣದ ಸುರುಳಿಗಳು ಪಾದಕ್ಕೆ ಅಂಟಿಕೊಂಡು ಹಾಸಿಗೆಯವರೆಗೂ ಬಂದುಬಿಡುತ್ತಿದ್ದವು. ಎಷ್ಟು ಉಜ್ಜಿದರೂ ಬರುತ್ತಿದ್ದವು. ಒಮ್ಮೆ ನನ್ನ ಸಾರಿನಲ್ಲಿ ಒಂದು ನೀಲಿ ಸುರುಳಿ ತೇಲಿತು. ಅಮ್ಮ ಅದನ್ನು ಬೆರಳಲ್ಲಿ ಎತ್ತಿ ಬಿಸಾಕಿ, ಕರಿಬೇವಿನ ಎಸಳು ಎತ್ತಿ ಬಿಸಾಕಿದಷ್ಟೇ ಸಲೀಸಾಗಿ, ಮತ್ತೆ ಬಡಿಸಿದಳು. ಮನೆಯ ಗೋಡೆಗಳು ಹಗಲೆಲ್ಲ ಮೆಲ್ಲಗೆ ನಡುಗುತ್ತಿದ್ದವು. ಭಾನುವಾರ ಲೇತು ನಿಂತಾಗ ಮಾತ್ರ ಏನೋ ತಪ್ಪಾಗಿದೆ ಅನಿಸುತ್ತಿತ್ತು.

ಅಪ್ಪ ಮೊದಲು ದೊಡ್ಡ ಕಾರ್ಖಾನೆಯೊಂದರಲ್ಲಿ ಲೇತು ಓಡಿಸುವ ಟರ್ನರ್ ಆಗಿದ್ದರು. ಅಲ್ಲಿ ಸಿಡಿದ ಕಬ್ಬಿಣದ ಚೂರು ಬಲಗಣ್ಣನ್ನು ತೆಗೆದುಕೊಂಡಿತು. ಎಡಗಣ್ಣು ಉಳಿಯಿತು, ಆದರೆ ಅದಕ್ಕೂ ಮಬ್ಬು. ಮನುಷ್ಯರು ಕಾಣುತ್ತಿದ್ದರು, ರಸ್ತೆ ಕಾಣುತ್ತಿತ್ತು, ಡಯಲ್ಲಿನ ಗೆರೆಗಳು ಕಾಣುತ್ತಿರಲಿಲ್ಲ. ಡಯಲ್ ಅಂದರೆ ಜೇಬುಗಡಿಯಾರದಷ್ಟು ದೊಡ್ಡ ಅಳತೆಯ ಸಾಧನ. ಅದರ ಕಾಲನ್ನು ಶಾಫ್ಟಿನ, ಅಂದರೆ ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡದ, ಮೇಲೆ ಊರಿ, ಶಾಫ್ಟನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ, ಶಾಫ್ಟು ಎಷ್ಟು ಸೊಟ್ಟಗಿದೆಯೋ ಅಷ್ಟು ಮುಳ್ಳು ಅಲ್ಲಾಡುತ್ತದೆ. ತಲೆಗೂದಲನ್ನು ಏಳೆಂಟು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಸೊಟ್ಟಕ್ಕೆ ಒಂದು ಗೆರೆ. ಅಪ್ಪನ ಹೆಸರು ಇದ್ದದ್ದೇ ಶಾಫ್ಟು ನೇರ ಮಾಡುವುದರಲ್ಲಿ. ಪಂಪಿನ ಶಾಫ್ಟು, ಗಿರಣಿಯ ಶಾಫ್ಟು, ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಎಲ್ಲಿ ಹೊಡೆಯಬೇಕು, ಎಷ್ಟು ಭಾರ ಹಾಕಿ ಹೊಡೆಯಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಗೆರೆ ಓದುವುದಕ್ಕೆ ಮಾತ್ರ ಕಣ್ಣು ಬೇಕಿತ್ತು. ಆ ಕಣ್ಣು ನನ್ನ ಅಕ್ಕ ಜಯಳದು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಲಂಗದ ಮೇಲೆ ಅಪ್ಪನ ಹಳೆಯ ಖಾಕಿ ಶರ್ಟು ತೊಟ್ಟು, ಡಯಲ್ಲಿನ ಎದುರು ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಅವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಯಾವ ಅಳತೆಯನ್ನೂ ಎರಡು ಸಲ ಹೇಳಬೇಕು.

"ಎಷ್ಟು?"

"ನಾಲ್ಕು."

"ಇನ್ನೊಂದ್ಸಲ."

ಆಗ ಅಕ್ಕ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ತೆರೆದು, ಮೊದಲ ಸಲ ನೋಡುವ ಹಾಗೆ ಮತ್ತೆ ಮುಳ್ಳು ನೋಡಿ ಹೇಳುತ್ತಿದ್ದಳು. ಆ ಎರಡನೆಯದನ್ನೇ ಅಪ್ಪ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಮೊದಲ್ನೇ ಸಲ ಕಣ್ಣು ಹೇಳುತ್ತೆ ಕಣೋ. ಎರಡನೇ ಸಲ ಮನುಷ್ಯ ಹೇಳ್ತಾನೆ" ಅಂದಿದ್ದರು. ಈ ಪದ್ಧತಿ ಮನೆಯೆಲ್ಲ ಹರಡಿಕೊಂಡಿತ್ತು. ಸಾರಿಗೆ ಉಪ್ಪು ಹಾಕಿದೆಯಾ ಎಂದು ಅಮ್ಮ ಕೇಳಿದರೆ ಎರಡು ಸಲ ಹೇಳಬೇಕು. ಹೊಸ ಶಾಲೆಗೆ ಸೇರಿದ ದಿನ ಮೇಷ್ಟ್ರು ಹೆಸರು ಕೇಳಿದಾಗ ನಾನು "ರಂಗಸ್ವಾಮಿ ಸಾರ್, ರಂಗಸ್ವಾಮಿ" ಎಂದುಬಿಟ್ಟೆ. ಇಡೀ ವರ್ಷ ಹುಡುಗರು ನನ್ನನ್ನು "ರಂಗ-ರಂಗ" ಎಂದು ಕರೆದರು.

ಊಟಕ್ಕೆ ಮೊದಲ ಪಂಕ್ತಿಯಲ್ಲಿ ಅಪ್ಪ, ಅಕ್ಕ. ಕೆಲಸದ ಮೇಲಿರುವವರು ಅವರು. ಎರಡನೆಯದರಲ್ಲಿ ನಾನು ಮತ್ತು ಅಮ್ಮ. ಅವರಿಬ್ಬರೂ ತಟ್ಟೆಯ ಮುಂದೆಯೂ ಕೆಲಸದ ಮಾತನ್ನೇ ಆಡುತ್ತಿದ್ದರು. ಅಕ್ಕ ಲೋಟದ ನೀರು ನೋಡಿ "ಅಪ್ಪಾ, ಬೆಲ್ಟು ಜಾರ್ತಿದೆ" ಅಂದರೆ ಅಪ್ಪ ತಲೆಯಾಡಿಸುತ್ತಿದ್ದರು. ನಾನು ಬಾಗಿಲಿಗೆ ಒರಗಿ ಪುಸ್ತಕ ಹಿಡಿದು ನಿಂತಿರುತ್ತಿದ್ದೆ. ಒಂದು ಸಲ ಅಪ್ಪ ನನ್ನನ್ನು ಕರೆದು, ಓಡುತ್ತಿದ್ದ ಯಂತ್ರದ ಬೇರಿಂಗಿನ ಮೇಲೆ ನನ್ನ ಅಂಗೈ ಇಟ್ಟರು.

"ಏನನ್ಸುತ್ತೆ?"

"ಏನೂ ಇಲ್ಲಪ್ಪ."

"ಸರಿಯಾಗಿ ನೋಡು. ಜೋಮು ಹಿಡಿದಂಗಾಗುತ್ತಾ, ಗುದ್ದಿದಂಗಾಗುತ್ತಾ?"

"ಬಿಸಿ ಇದೆ ಅಷ್ಟೇ."

ಅವರು ನನ್ನ ಕೈ ತೆಗೆದರು. ಬೈಯಲಿಲ್ಲ. "ಸರಿ, ಹೋಗಿ ಓದ್ಕೋ" ಅಂದರು. ಆಮೇಲೆ ಅಕ್ಕನ ಅಂಗೈ ಅಲ್ಲಿಗೆ ಹೋಯಿತು. ಮಗ ಈ ಎಣ್ಣೆಯಲ್ಲಿ ಕೈ ಅದ್ದಬಾರದು, ಓದಿ ಮೇಜಿನ ಹಿಂದೆ ಕೂರಬೇಕು ಎಂಬ ಆಸೆ ಅವರಿಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ತಿಳಿದದ್ದು ಇಷ್ಟೇ: ನನ್ನ ಕೈಯಿಂದ ಏನೂ ಆಗುವುದಿಲ್ಲ.

ನನಗೆ ಹದಿನಾಲ್ಕು ತುಂಬಿದ್ದ ವರ್ಷ ಪಕ್ಕದ ಖಾಲಿ ಸೈಟಿಗೆ ಒಂದು ದೋಣಿ ಬಂತು. ತುಮಕೂರು ರಸ್ತೆಯಿಂದ ಬಲು ಒಳಗಿದ್ದ ಒಂದು ಜಲಾಶಯದಲ್ಲಿ ಜನರನ್ನು ದಾಟಿಸುವ ಲಾಂಚು ಅದು. ಲಾರಿಯಿಂದ ಇಳಿಸಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ರಸ್ತೆಯ ಜನವೆಲ್ಲ ನೋಡಲು ಬಂದರು.

"ಏನ್ ಸ್ವಾಮಿ, ಪೀಣ್ಯಕ್ಕೆ ಸಮುದ್ರ ಬರುತ್ತಾ?"

"ಬರುತ್ತೆ, ನಿಮ್ಮನೆ ನಲ್ಲೀಲಿ ನೀರು ಬಂದ ದಿವಸ" ಎಂದರು ಅಪ್ಪ.

ಅಮ್ಮ ಎರಡೇ ದಿನದಲ್ಲಿ ಅದರ ತಗಡಿನ ಮಾಡಿನ ಮೇಲೆ ಸಂಡಿಗೆ ಒಣಗಿಸಲು ಶುರು ಮಾಡಿದಳು. ಲಾಂಚು ಓಡಿಸುತ್ತಿದ್ದ ಖಾದರ್ ಸಾಬ್ ಎಂಬ ಮುದುಕರು ಜೊತೆಯಲ್ಲೇ ಬಂದಿದ್ದರು. ಬಿಳಿ ಗಡ್ಡ, ಬರಿಗಾಲು. ಚಪ್ಪಲಿ ಹಾಕಿದರೆ ದೋಣಿ ಏನು ಹೇಳುತ್ತದೆ ಎಂದು ತಿಳಿಯುವುದಿಲ್ಲ ಅನ್ನುತ್ತಿದ್ದರು.

"ಗೇರ್ ಹಾಕಿದ ತಕ್ಷಣ ಕಾಲಡಿ ಹಲಗೆ ಜುಮ್ಮ್ ಅಂತದೆ ಸಾರ್. ಸ್ಪೀಡ್ ಜಾಸ್ತಿ ಮಾಡಿದ್ರೆ ಹಲ್ಲು ಕಟಕಟ ಅಂತದೆ. ಪಾಸಿಂಜರ್ ಎಲ್ಲ ದೇವರ ಹೆಸರು ಹೇಳ್ತಾರೆ."

ಅಪ್ಪ ದೋಣಿಯನ್ನು ಅದಕ್ಕೆ ಮೊದಲು ಮುಟ್ಟಿದವರಲ್ಲ. ನದಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರು. ಆದರೆ ತಿರುಗುವ ವಸ್ತು ಎಲ್ಲಿದ್ದರೂ ಒಂದೇ ಎಂದು ಅವರ ನಂಬಿಕೆ. ನಡುಕಕ್ಕೆ ಮಕ್ಕಳು ಸಾವಿರ ಇರುತ್ತಾರೆ, ತಾಯಿ ಒಬ್ಬಳೇ, ಅವಳನ್ನು ಹುಡುಕಬೇಕು ಎನ್ನುತ್ತಿದ್ದರು. ಹುಡುಕಲು ಶುರು ಮಾಡಿದರು. ಮೊದಲು ಗೇರು ಹಾಕದೆ ಎಂಜಿನ್ ಓಡಿಸಿ, ಅದರ ಪಕ್ಕದ ಮರದ ತೊಲೆಯ ಮೇಲೆ ನಮ್ಮ ಹಿತ್ತಾಳೆ ಲೋಟ ಇಟ್ಟರು. ನೀರು ಶಾಂತವಾಗಿತ್ತು. ಎಂಜಿನ್ನಿನ ತಪ್ಪಲ್ಲ. ಆಮೇಲೆ ಹಿಂದೆ ನೀರೊಳಗೆ ತಿರುಗುವ ಫ್ಯಾನು. ಅದರ ಮೂರು ರೆಕ್ಕೆಗಳ ತುದಿಗೆ ಒಂದು ಮೊಳೆ ನಿಲ್ಲಿಸಿ, ಕೈಯಲ್ಲಿ ತಿರುಗಿಸಿ, ಮೂರೂ ಒಂದೇ ದೂರದಲ್ಲಿ ಹಾಯುತ್ತವೆಯೇ ನೋಡಿದರು. ಹಾಯ್ದವು. ಎಂಜಿನ್ನಿನಿಂದ ಫ್ಯಾನಿಗೆ ಹೋಗುವ ಶಾಫ್ಟು ದೋಣಿಯ ಹೊಟ್ಟೆಯಿಂದ ಹೊರಬೀಳುವ ಕಡೆ ಅದನ್ನು ಹಿಡಿದಿಡುವ ಬುಷ್ ಸವೆದಿತ್ತು, ಹೊಸದನ್ನು ನಮ್ಮ ಲೇತಿನಲ್ಲೇ ಕಡೆದು ಹಾಕಿದರು. ಕೊನೆಗೆ ಶಾಫ್ಟನ್ನೇ ಹೊರಗೆಳೆದರು. ಏಳು ಅಡಿ ಉದ್ದ. ಅಕ್ಕ ಡಯಲ್ ನೋಡಿ ಇಪ್ಪತ್ತೆರಡು ಗೆರೆ ಅಂದಳು. ಎರಡು ಸಲ ಅಂದಳು. ಅಪ್ಪ "ಸಿಕ್ಕಿದ್ಲು ತಾಯಿ" ಎಂದು ತಾಮ್ರದ ಸುತ್ತಿಗೆ ಎತ್ತಿದರು.

ಅದನ್ನು ನೇರ ಮಾಡಲು ಎರಡು ದಿನ ಹಿಡಿಯಿತು. ಹೊಡೆಯುವುದು, ತಿರುಗಿಸುವುದು, ಸೀಮೆಸುಣ್ಣದಲ್ಲಿ ಗುರುತು ಮಾಡುವುದು, ಮತ್ತೆ ಹೊಡೆಯುವುದು. ಇಪ್ಪತ್ತೆರಡು ಹದಿನೈದಾಯಿತು, ಒಂಬತ್ತಾಯಿತು, ನಾಲ್ಕಾಯಿತು. ಮೂರರ ಒಳಗಿದ್ದರೆ ಸಾಕು ಎಂದು ಅಪ್ಪ ಹೇಳಿದ್ದರು. ಕೊನೆಗೆ ಅಕ್ಕ "ಒಂದೂವರೆ" ಅಂದಳು.

"ಇನ್ನೊಂದ್ಸಲ."

"ಒಂದೂವರೆ ಅಪ್ಪ."

ಆ ದಿನ ಅಮ್ಮ ಪಾಯಸ ಮಾಡಿದಳು. ಶಾಫ್ಟನ್ನು ದೋಣಿಗೆ ಸೇರಿಸಿ, ಎಂಜಿನ್ನಿಗೂ ಶಾಫ್ಟಿಗೂ ನಡುವೆ ಇರುವ ಕಪ್ಲಿಂಗಿನ ಎರಡು ಬಿಲ್ಲೆಗಳನ್ನು ಹತ್ತಿರ ತಂದು, ಅವುಗಳ ಸಂದಿಗೆ ಅಕ್ಕ ತೆಳ್ಳನೆಯ ಉಕ್ಕಿನ ಎಲೆ ತೂರಿಸಿ ನೋಡಿದಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಾಲ್ಕೂ ಕಡೆ ಒಂದೇ ಸಮ. ಬೋಲ್ಟು ಬಿಗಿದು, ಬುಷ್ ಬಿಸಿಯಾಗದಂತೆ ಕೊಡದಿಂದ ನೀರು ಹೊಯ್ಯುತ್ತಾ, ದಿಮ್ಮಿಯ ಮೇಲೆಯೇ ಓಡಿಸಿದರು. ಲೋಟದ ನೀರು ಕನ್ನಡಿಯ ಹಾಗೆ ನಿಂತಿತು. ಅಪ್ಪ ಅಕ್ಕನ ತಲೆಯ ಮೇಲೆ ಎಣ್ಣೆ ಕೈ ಇಟ್ಟರು. ನಾನು ಸಂಡಿಗೆ ಎತ್ತುತ್ತಿದ್ದೆ.

ಲಾಂಚು ಹೋಗಿ ಹತ್ತು ದಿನಕ್ಕೆ ಖಾದರ್ ಸಾಬ್ ಒಂದು ಟೆಂಪೋದಲ್ಲಿ ಬರೀ ಶಾಫ್ಟು ಹಾಕಿಕೊಂಡು ವಾಪಸ್ಸು ಬಂದರು. ನೀರಿಗಿಳಿಸಿದರೆ ಇನ್ನೂ ನಡುಗುತ್ತದೆ. ಮೊದಲಿನಷ್ಟಲ್ಲ, ಆದರೆ ಇದೆ. ಶಾಫ್ಟನ್ನು ನಮ್ಮ ಬಾಗಿಲಲ್ಲಿ ಇಳಿಸಿ, ಅಮ್ಮ ಕೊಟ್ಟ ಚಹಾ ಕುಡಿದು, ಏನೂ ಬೈಯದೆ ಹೋದರು. ಬೈದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತೇನೋ. ಅವರು ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಶಾಫ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳು ಮಡಿಸುತ್ತಾ ತಮಗೆ ತಾವೇ ಹೇಳಿಕೊಂಡರು. ಎಂಜಿನ್, ನೋಡಿದ್ದೇನೆ. ಫ್ಯಾನು, ನೋಡಿದ್ದೇನೆ. ಬುಷ್, ನಾನೇ ಕಡೆದದ್ದು. ಕಪ್ಲಿಂಗ್, ಅವಳು ಎಲೆ ತೂರಿಸಿದ ಮೇಲೆ ನನ್ನ ಉಗುರು ಆಡಿಸಿ ನೋಡಿದ್ದೇನೆ. ಐದನೆಯ ಬೆರಳು ಮಡಿಸದೆ ಹಾಗೇ ಇಟ್ಟುಕೊಂಡರು. ಅವರ ಕಣ್ಣಾಗಲಿ ಕೈಯಾಗಲಿ ಮುಟ್ಟದೆ, ಬರೀ ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು ಒಂದೇ ಒಂದಿತ್ತು. ಅಕ್ಕ ಹೇಳಿದ ಒಂದೂವರೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ.

"ರಂಗಾ, ಪುಸ್ತಕ ಇಟ್ಟು ಬಾ ಇಲ್ಲಿ. ಡಯಲ್ ಓದೋಕ್ ಬರುತ್ತಾ ನಿಂಗೆ?"

ಬರುತ್ತಿತ್ತು. ಬಾಗಿಲಿಗೆ ಒರಗಿ ನಿಂತೇ ಕಲಿತಿದ್ದೆ. ಅಕ್ಕ ಗೋಣಿಚೀಲ ದಾಟಿ ನಡುಮನೆಗೆ ಹೋದಳು. ನಾನು ಅವಳ ಮಣೆಯ ಮೇಲೆ ಕೂತೆ. ಮಣೆ ಅವಳ ಕೂರುವಿಕೆಗೆ ಒಂದು ಕಡೆ ಸವೆದಿತ್ತು. ಅಪ್ಪ ಶಾಫ್ಟನ್ನು ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದು ಗೆರೆ ದಾಟಿತು, ಎರಡನೆಯ ಗೆರೆಯ ಅರ್ಧಕ್ಕೆ ಹೋಗಿ ನಿಂತಿತು, ವಾಪಸ್ಸು ಬಂತು. ಇನ್ನೊಂದು ಸುತ್ತು. ಮತ್ತೆ ಅಲ್ಲಿಗೇ ಹೋಗಿ ನಿಂತಿತು. ಒಂದೂವರೆ.

"ಎಷ್ಟು?"

ಒಂದೂವರೆ ಅಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪ "ಸರಿ, ಎದ್ದೇಳು, ಓದ್ಕೋ" ಅನ್ನುತ್ತಾರೆ. ಅಕ್ಕ ಬಂದು ಕೂರುತ್ತಾಳೆ. ನಾನು ಬಾಗಿಲಿಗೆ ಹೋಗುತ್ತೇನೆ.

"ಎಂಟು" ಅಂದೆ.

ಅಪ್ಪನ ಕೈ ನಿಂತಿತು. ಸಣ್ಣ ದನಿಯಲ್ಲಿ ಅಂದರು,

"ಇನ್ನೊಂದ್ಸಲ."

ನಾನು ಅಕ್ಕನ ಹಾಗೆಯೇ ಮುಖ ಆಚೆ ತಿರುಗಿಸಿದೆ. ಕಣ್ಣು ಮುಚ್ಚಿ ತೆರೆದೆ. ಮುಳ್ಳು ನೋಡಿದೆ.

"ಎಂಟು ಅಪ್ಪ."

ಮೊದಲನೆಯದಕ್ಕೆ ಬೇಕಾದರೆ ಏನಾದರೂ ನೆಪ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಆಗುವುದಿಲ್ಲ. ಎದೆ ಹೊಡೆದುಕೊಂಡಿತು, ಬೆವರಿದೆ ಎಂದೆಲ್ಲ ಬರೆದರೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ನನಗೆ ಹಾಗೇನೂ ಆಗಲಿಲ್ಲ. ಬೇರಿಂಗಿನ ಮೇಲೆ ಕೈ ಇಟ್ಟಾಗ ಆದಂತೆಯೇ, ಏನೂ ಆಗಲಿಲ್ಲ.

ಎಲ್ಲಿ ಉಬ್ಬು ಎಂದು ಕೇಳಿದರು. ಬಾಯಿಗೆ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿದೆ. ಅಪ್ಪ ಸುತ್ತಿಗೆ ಎತ್ತಿ, ನೇರವಾಗಿದ್ದ ಶಾಫ್ಟಿನ ಮೇಲೆ, ಎಂಟು ಗೆರೆಗೆ ಬೇಕಾದಷ್ಟು ಭಾರ ಹಾಕಿ ಒಂದೇ ಏಟು ಹೊಡೆದರು. ಮತ್ತೆ ತಿರುಗಿಸಿದರು. ಈಗ ಮುಳ್ಳು ನಿಜವಾಗಿಯೂ ಆರಕ್ಕೆ ಹೋಯಿತು.

"ಈಗ?"

"ಆರು" ಅಂದೆ. ಅದು ಸುಳ್ಳಲ್ಲ.

ಆಗ ಅಕ್ಕ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಮೊರ ಇತ್ತು, ಅಕ್ಕಿ ಆರಿಸುತ್ತಿದ್ದಳು.

"ಅಪ್ಪಾ, ನಾನೊಂದ್ಸಲ ನೋಡ್ಲಾ?"

ಬೇಡ ಅನ್ನುತ್ತಾರೆ ಎಂದುಕೊಂಡೆ. ಅಪ್ಪ, "ಬಾ. ಎಂಟಿತ್ತು, ಒಂದೇಟು ಹಾಕಿದೀನಿ. ನೋಡು" ಅಂದರು. ನಾನು ಮಣೆಯಿಂದ ಏಳಲಿಲ್ಲ. ಅವಳು ನನ್ನ ಭುಜದ ಮೇಲಿಂದ ಬಗ್ಗಿದಳು. ಅಪ್ಪ ತಿರುಗಿಸಿದರು.

"ಎಷ್ಟು?"

"ಆರು."

"ಇನ್ನೊಂದ್ಸಲ."

ಅವಳು ಮುಖ ತಿರುಗಿಸಿ, ಕಣ್ಣು ಮುಚ್ಚಿದಳು. ತೆರೆಯಲು ಬಹಳ ಹೊತ್ತು ತೆಗೆದುಕೊಂಡಳು.

"ಆರು."

"ಅವತ್ತು ಒಂದೂವರೆ ಅಂದ್ಯಲ್ಲೇ ಜಯಾ."

ಅವಳು ಬಲಗೈಯಿಂದ ಎರಡೂ ಕಣ್ಣು ಉಜ್ಜಿಕೊಂಡಳು. ಮೊರದ ಅಕ್ಕಿ ಒಂದಿಷ್ಟು ಶಾಫ್ಟಿನ ಮೇಲೆ ಚೆಲ್ಲಿತು. ಅದನ್ನು ಒಂದೊಂದಾಗಿ ಆರಿಸಿಕೊಂಡು ಒಳಗೆ ಹೋದಳು. ನಾವಿಬ್ಬರೂ ಮಧ್ಯಾಹ್ನದವರೆಗೆ ಕೂತು ಆ ಶಾಫ್ಟನ್ನು ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ತಂದೆವು. ಎಲ್ಲ ಅಳತೆಯನ್ನೂ ನಾನು ಸರಿಯಾಗಿಯೇ ಹೇಳಿದೆ. ಆ ದಿನ ಅಮ್ಮ ಮೊದಲ ಪಂಕ್ತಿಗೆ ಎರಡು ತಟ್ಟೆ ಹಾಕಿದಾಗ ಅಪ್ಪ, "ರಂಗನ್ನ ಕೂರ್ಸು" ಅಂದರು. ತುಂಬಿದ ಲೋಟ ನನ್ನ ಎದುರಿಗಿತ್ತು. ನನಗೆ ಅದರಲ್ಲಿ ನೀರು ಕಂಡಿತು, ಅಷ್ಟೇ.

ತಿಂಗಳಾದ ಮೇಲೆ ಖಾದರ್ ಸಾಬ್ ಮತ್ತೆ ಬಂದರು. ಈ ಸಲ ಕೈಯಲ್ಲಿ ಮೀನು, ಮುಖದಲ್ಲಿ ನಗು.

"ಸರಿ ಹೋಯ್ತು ಸಾರ್. ನೀವು ಕಳಿಸಿದ ಶಾಫ್ಟ್ ಹಾಕಿದ್ರೂ ನಡುಗ್ತಾನೇ ಇತ್ತು. ಆಮೇಲೆ ಮಂಗಳೂರು ಕಡೆ ಫಿಟ್ಟರ್ ಒಬ್ರು ಬಂದಿದ್ರು, ವಯಸ್ಸಾದೋರು. ದೋಣಿ ನೀರಲ್ಲಿದ್ದಂಗೇ ಕಪ್ಲಿಂಗ್ ಬಿಚ್ಚಿ ನೋಡಿದ್ರು. ಮೇಲ್ಗಡೆ ಬಾಯಿ ಬಿಟ್ಕೊಂಡಿತ್ತು. 'ಇದನ್ನ ನೆಲದ ಮೇಲೆ ಜೋಡಿಸಿದ ಪುಣ್ಯಾತ್ಮ ಯಾರು' ಅಂತ ನಗಾಡಿದ್ರು. ಕಲ್ಲಿನ ನೆಲದ ಮೇಲೆ ಮಲಗಿದ ಬೆನ್ನು ಒಂಥರ, ಹಗ್ಗದ ಮಂಚದ ಮೇಲೆ ಮಲಗಿದ ಬೆನ್ನು ಒಂಥರ ಅಲ್ವಾ? ದೋಣಿನೂ ಅಂಗೇ, ನೀರಿಗಿಳಿದ್ರೆ ಮೈ ಬಾಗ್ತದಂತೆ. ನೀರಿಗೆ ಬಿಟ್ಟು, ಒಂದು ದಿನ ಕೂರೋಕ್ ಬಿಟ್ಟು, ಆಮೇಲೇ ಜೋಡಿಸ್ಬೇಕಂತೆ."

ಅಪ್ಪ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ಬಂದವರಿಗೆಲ್ಲ ಮುಂದೆ ಹಲವು ವರ್ಷ ಆ ಕತೆ ಹೇಳಿದರು, ತಮ್ಮ ದಡ್ಡತನವನ್ನು ಒಂದಿಷ್ಟೂ ಮುಚ್ಚಿಡದೆ. ನೀರು ನೋಡದ ಪೀಣ್ಯದವನು ಒಣನೆಲದ ಮೇಲೆ ದೋಣಿ ಜೋಡಿಸಿದ ಕತೆ. ಆದರೆ ಆ ದಿನ ಅಕ್ಕ ಅಡುಗೆಮನೆಯಿಂದ ಬಂದು, "ಹಂಗಾದ್ರೆ ಶಾಫ್ಟಿಂದೇನೂ ಇರ್ಲಿಲ್ವಾ ಅಪ್ಪ?" ಎಂದು ಕೇಳಿದಾಗ ಅವರು ನಗು ನಿಲ್ಲಿಸಿದರು.

"ನೀರಿಂದು ನನ್ನ ತಪ್ಪು. ಎಂಟು ಗೆರೆ ನಿನ್ನ ತಪ್ಪು. ಎರಡೂ ಇತ್ತು ಕಣಮ್ಮ."

ಕ್ರೂರವಾಗಿ ಹೇಳಲಿಲ್ಲ. ಅವರ ಪ್ರಕಾರ ಅದು ನ್ಯಾಯ. ಅಲ್ಲಿ ಕೂತಿದ್ದವರಲ್ಲಿ ತಪ್ಪು ಒಂದೇ, ಎರಡಲ್ಲ ಎಂದು ಗೊತ್ತಿದ್ದವನು ನಾನೊಬ್ಬ. ಒಂದು ಮಾತು ಹೇಳಿದರೆ ಸಾಕಿತ್ತು. ನಾನು ಮೀನು ತೊಳೆಯಲು ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಹೊರಗೆ ಹೋದೆ.

ಅಕ್ಕ ಆಮೇಲೆ ಮುಂದಿನ ಕೋಣೆಗೆ ಬರಲಿಲ್ಲ. ಯಾರೂ ಬರಬೇಡ ಅನ್ನಲಿಲ್ಲ. ಖಾಕಿ ಶರ್ಟನ್ನು ಒಗೆದು ಮಡಿಸಿ ಇಟ್ಟಳು. ಒಳಗೆ ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಅಕ್ಕಿ ಅಳೆದದ್ದನ್ನು ವಾಪಸ್ಸು ಸುರಿದು ಮತ್ತೆ ಅಳೆಯುವುದು. ಬಾಗಿಲ ಚಿಲಕ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ನೋಡುವುದು. ಅಮ್ಮ "ಎಷ್ಟು ಸಲ ನೋಡ್ತೀಯೇ" ಎಂದು ರೇಗುತ್ತಿದ್ದಳು. ಅಪ್ಪನ ಪದ್ಧತಿಯೇ ಅವಳಿಗೆ ಉಳಿದುಬಿಟ್ಟಿದೆ ಎಂದು ಎಲ್ಲರೂ ನಗುತ್ತಿದ್ದರು. ಪದ್ಧತಿಗೂ ಇದಕ್ಕೂ ವ್ಯತ್ಯಾಸ ಇತ್ತು. ಮೊದಲು ಎರಡನೆಯ ಸಲ ಹೇಳಿದರೆ ಮಾತು ಮುಗಿಯುತ್ತಿತ್ತು. ಈಗ ಮುಗಿಯುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಓದು ಅಲ್ಲಿಗೇ ನಿಲ್ಲಿಸಿದೆ. ಅಪ್ಪನಿಗೆ ಅದರಿಂದ ಎಷ್ಟು ನೋವಾಯಿತು ಎಂದು ಅವರು ಹೇಳಲಿಲ್ಲ. ನಾನು ಡಯಲ್ ಓದುತ್ತಿದ್ದೆ, ಅವರು ಹೊಡೆಯುತ್ತಿದ್ದರು. ಕೆಲಸ ಸುಮಾರಾಗಿ ನಡೆಯಿತು. ಅಕ್ಕ ಮದುವೆಯಾಗಿ ಅತ್ತಿಬೆಲೆಗೆ ಹೋದಳು. ಅಲ್ಲಿಂದ ದಿನವೂ ಬಸ್ಸಿನಲ್ಲಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿಗೆ ಹೋಗಿ ಹೊಲಿಯುತ್ತಿದ್ದಳು. ಅಪ್ಪನ ತಿಥಿಗೆ ಬಂದಿದ್ದಾಗ ಒಂದು ಸಂಗತಿ ನಗುತ್ತಾ ಹೇಳಿದಳು. ಅವಳ ಹೊಲಿಗೆ ನೋಡಿ ಸೂಪರ್‌ವೈಸರ್ ಅವಳನ್ನು ಚೆಕಿಂಗ್ ಟೇಬಲ್ಲಿಗೆ ಕರೆದರಂತೆ. ಎಲ್ಲರೂ ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸ, ಒಳ್ಳೆ ಬೆಳಕಿನಲ್ಲಿ, ಮಿಷನ್ನಿನ ಸದ್ದಿಲ್ಲದೆ. ಎಲ್ಲ ಹೆಂಗಸರೂ ಆಸೆಪಡುವ ಜಾಗ.

"ಆಗಲ್ಲ ಮೇಡಂ ಅಂದೆ. ನನ್ನ ಕಣ್ಣು ನಂಬಂಗಿಲ್ಲ, ಚಿಕ್ಕೋಳಿದ್ದಾಗಿಂದಾನೂ ಅಂಗೇ ಅಂದೆ. ಅವ್ರು ನನ್ನ ಹುಚ್ಚಿ ಅಂದ್ಕೊಂಡ್ರು ಕಣೋ."

ನಾನೂ ನಕ್ಕೆ. ಅವಳು ರಿಟೈರ್ ಆಗುವವರೆಗೂ ಮಿಷನ್ನಿನ ಮುಂದೆಯೇ ಇದ್ದಳು.

ಲೇತು ಮಾರಿದ ಮೇಲೆ ನಾನು ಮಾಕಳಿಯ ಒಂದು ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡಿಂಗ್ ಕೆಲಸ ಮಾಡಿಕೊಂಡಿದ್ದೆ. ಈಗ ಬಿಟ್ಟಿದ್ದೇನೆ. ಗ್ರೈಂಡರಿನ ನಡುಕಕ್ಕೆ ಬೆರಳುಗಳು ಬಿಳಚಿಕೊಂಡು ಮರಗಟ್ಟಿವೆ. ಅಂಗಿಯ ಗುಂಡಿ ಸೊಸೆ ಹಾಕಬೇಕು. ಹೋದ ತಿಂಗಳು ಮಗ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನ ಡಾಕ್ಟರು. ಕಣ್ಣು ಮುಚ್ಚಿಕೊಳ್ಳಿ, ಪಿನ್ನು ತಾಗಿಸುತ್ತೇನೆ, ಗೊತ್ತಾದರೆ ಹೇಳಿ ಅಂದರು.

"ಗೊತ್ತಾಯ್ತಾ?"

"ಹ್ಞೂಂ."

"ಇನ್ನೊಂದ್ಸಲ ಹೇಳಿ, ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ನಾನಿನ್ನೂ ಮುಟ್ಟೇ ಇಲ್ವಲ್ಲ ಯಜಮಾನ್ರೇ."

ಮಗ ನಕ್ಕ. ಡಾಕ್ಟರೂ ನಕ್ಕರು. ಹಲವು ಜನ ಹೀಗೇ ಹೇಳುತ್ತಾರೆ, ಭಯಕ್ಕೆ, ಅಂದರು. ನಾನು ಕಣ್ಣು ತೆರೆಯಲಿಲ್ಲ.

ಮೂರು ದಿನ ಬಿಟ್ಟು ಒಬ್ಬನೇ ಹೊರಟೆ. ಮಾದಾವರದಲ್ಲಿ ಮೆಟ್ರೊ ಹತ್ತಿದೆ. ಅದು ಪೀಣ್ಯದ ಮೇಲೆ ಹಾಯುವಾಗ ನಮ್ಮ ರಸ್ತೆ ಯಾವುದು ಎಂದು ಹುಡುಕಿದೆ. ಗೊತ್ತಾಗಲಿಲ್ಲ. ಕಿಟಕಿಯ ಗಾಜಿಗೆ ಅಂಗೈ ಒತ್ತಿ ನೋಡಿದೆ. ಗಾಜು ನಡುಗುತ್ತಿದ್ದಿರಬೇಕು. ಒಂದು ಕಡೆ ರೈಲು ಬದಲಿಸಿ, ಬೊಮ್ಮಸಂದ್ರದಲ್ಲಿ ಇಳಿದು, ಬಸ್ಸಿನಲ್ಲಿ ಅತ್ತಿಬೆಲೆ ಮುಟ್ಟುವಾಗ ಹನ್ನೊಂದು ಗಂಟೆ. ಅಕ್ಕನ ಮಗಳು ಕೆಲಸಕ್ಕೆ ಹೋಗಿದ್ದಳು. ಅಕ್ಕ ಒಬ್ಬಳೇ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಿಡಿಸಿದ ಸಿಪ್ಪೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು, ಕಾಳು ಉಳಿದಿಲ್ಲ ಎಂದು ನೋಡಿ, ಆಮೇಲೆ ಬಿಸಾಕುತ್ತಿದ್ದಳು.

"ಏನೋ ಇದ್ದಕ್ಕಿದ್ದಂಗೆ? ಫೋನಾದ್ರೂ ಮಾಡ್ಬಾರ್ದಾ? ಕೂತ್ಕೋ. ಎರಡ್ ಕಾಳು ಬಿಡ್ಸು."

"ಬೆರಳು ಆಡಲ್ಲ ಅಕ್ಕ."

"ಅಂಗಾದ್ರೆ ಸುಮ್ನೆ ಕೂತು ಹರಟೆ ಹೊಡಿ."

ಹೇಳಿದೆ. ದೋಣಿ, ಮಣೆ, ಎಂಟು, ಸೀಮೆಸುಣ್ಣದ ಗುರುತು, ಎಲ್ಲವನ್ನೂ, ನಡೆದ ಹಾಗೆಯೇ. ಹೇಳುತ್ತಾ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಬಸ್ಸಿನ ನಂಬರು ಹೇಳಿದ ಹಾಗೆ ಹೇಳಿ ಮುಗಿಸಿದೆ. ಅಕ್ಕನ ಕೈ ಮಧ್ಯದಲ್ಲೆಲ್ಲೋ ನಿಂತಿತ್ತು. ಬೈಯುತ್ತಾಳೆಂದು ಕಾದೆ, ಇಲ್ಲವೆ ಹೋಗಲಿ ಬಿಡು ಅನ್ನುತ್ತಾಳೆಂದು ಕಾದೆ. ಎರಡನ್ನೂ ಅವಳು ಮಾಡಲಿಲ್ಲ. ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು ಕೇಳಿದಳು.

"ಅಪ್ಪ ಸುತ್ತಿಗೆ ಎತ್ತೋಕ್ ಮುಂಚೆ ಮುಳ್ಳು ಎಷ್ಟಿತ್ತು?"

"ಒಂದೂವರೆ."

"ಇನ್ನೊಂದ್ಸಲ."

ನಾನು ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ತೆರೆದು, ಅವಳನ್ನು ನೋಡಿದೆ.

"ಒಂದೂವರೆ, ಅಕ್ಕ."

ಅವಳು ತಲೆಯಾಡಿಸಿದಳು. ಮೊರದಿಂದ ಇನ್ನೊಂದು ಕಾಯಿ ಎತ್ತಿಕೊಂಡು, ಸೀಳಿ, ಕಾಳು ಉದುರಿಸಿ, ಸಿಪ್ಪೆಯನ್ನು ಬೆಳಕಿಗೆ ಹಿಡಿದಳು.

"ಅಂಗಾದ್ರೆ ಆ ಚೆಕಿಂಗ್ ಟೇಬಲ್ಲಿಗೆ ಹೋಗ್ಬೋದಿತ್ತು ನಾನು" ಅಂದಳು.